ಸೋಮವಾರದ ಓದು

ಬಚ್ಚಲ ಮುಂದೆ ನಿಂತು ಬೇವಿನ ಕಡ್ಡಿ ಜಗಿಯುತ್ತಿದ್ದ ಮರುಳಸಿದ್ದಪ್ಪನಿಗೆ ಇವತ್ತು ಸೋಮವಾರ ಎಂಬುದು ನೆನಪಾಗಿ ಕಡ್ಡಿಯ ಕಹಿಯೆಲ್ಲ ಗಂಟಲಿಗೆ ಇಳಿಯಿತು. ಮಧ್ಯಾಹ್ನ ಅಕ್ಕಿ ಗಿರಣಿಯ ಪಡಸಾಲೆಯಲ್ಲಿ ಮಂದಿ ಕೂಡುತ್ತಾರೆ. ಅವರಿಗೆ ಅವನು ಪುಸ್ತಕ ಓದಿ ಹೇಳಬೇಕು. ಓದಬೇಕಾದ ಪುಟದಲ್ಲಿ ಡಾನೆಲಿ ಎಂಬ ಐರ್ಲೆಂಡಿನ ಮನುಷ್ಯ, ಸತ್ತು ಮಣ್ಣಾಗಿ ಯಾವ ಕಾಲವಾಯಿತೋ, ಇಂಗ್ಲೆಂಡಿನ ರಾಣಿಗೆ ಕ್ಷಮೆ ಬೇಡುವ ಕಾಗದಕ್ಕೆ ರುಜು ಹಾಕಿ ಕೂತಿದ್ದಾನೆ. ನಿನ್ನೆ ಮುಂದಿನ ಪುಟಗಳನ್ನು ಒಂದು ಸಲ ನೋಡಿಕೊಳ್ಳೋಣವೆಂದು ತಿರುವಿದಾಗ ಅದು ಕಣ್ಣಿಗೆ ಬಿದ್ದಿತ್ತು. ಬಿದ್ದಾಗಿನಿಂದ ಅನ್ನ ಸೇರುತ್ತಿಲ್ಲ. ಅಷ್ಟು ದೂರದ ದೇಶದವನು, ಬಣ್ಣ ಬೇರೆ, ದೇವರು ಬೇರೆ, ಸಮುದ್ರ ದಾಟಿ ಚಿತ್ತವಾಡ್ಗಿಯ ಈ ಬಚ್ಚಲಿನ ತನಕ ಬಂದು ತನ್ನನ್ನು ಹಿಡಿಯಬೇಕೆ ಎಂದು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಾಚಿಕೆ ಬಂತು. ಈಚೆಗೆ ಅವನಿಗೆ ಯಾವುದು ಬಂದರೂ ಅದರ ಹಿಂದೆ ನಾಚಿಕೆ ಬರುತ್ತದೆ.

ಸುವರ್ಣಮ್ಮ ಮೆಣಸಿನ ಕಷಾಯದ ಲೋಟ ತಂದು ಕಟ್ಟೆಯ ಮೇಲಿಟ್ಟು, "ಬಿಸಿ ಇದ್ದಾಗ ಕುಡೀರಿ. ಇವತ್ತು ಓದೋದು ಐತಿ" ಎಂದಳು. ಅವನು ಕೆಮ್ಮಿದ. ಜೈಲಿನಿಂದ ಬಂದಾಗ ಅವನಿಗೆ ಕೆಮ್ಮು ಇದ್ದದ್ದು ನಿಜ. ಎದೆ ಕೆಟ್ಟಿದೆ, ಒಳಗೆ ಸತ್ತರೆ ಸುದ್ದಿಯಾಗುತ್ತದೆಂದು ಹೆದರಿ ಸರ್ಕಾರ ಬಿಟ್ಟಿತು ಎಂದು ಊರಿಗೆ ಹೇಳಿದ್ದ. ಕೆಮ್ಮು ಮನೆಯೂಟಕ್ಕೆ, ಹೆಂಡತಿಯ ಕೈಗೆ ವಾಸಿಯಾಗಿ ಹೋಯಿತು. ಹೇಳಿದ ಮಾತು ಉಳಿಯಿತು. ಅದನ್ನು ಉಳಿಸಲು ಅವನು ಬೀದಿಯಲ್ಲಿ, ಗಿರಣಿಯಲ್ಲಿ, ಯಾರಾದರೂ ನಮಸ್ಕಾರ ಎಂದಾಗ, ಹೊಟ್ಟೆಯಿಂದ ಕೆಮ್ಮು ಎಳೆದು ತರಬೇಕಾಗಿತ್ತು. ನಿದ್ದೆಯಲ್ಲಿ ಒಂದು ಸಲವೂ ಕೆಮ್ಮದ ಗಂಡನಿಗೆ ಸುವರ್ಣಮ್ಮ ದಿನಾ ಬೆಳಿಗ್ಗೆ ಮೆಣಸು ಕುಟ್ಟಿ ಕಷಾಯ ಕಾಸುತ್ತಿದ್ದಳು. ಲೋಟ ಇಡುವಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ. ನೋಡದಿರುವುದು ಅವಳ ಸ್ವಭಾವವೋ, ಅಥವಾ ಏನಾದರೂ ತಿಳಿದಿದೆಯೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಕಷಾಯ ಕುಡಿದ. ಗಂಟಲು ಉರಿದು ಈ ಸಲ ನಿಜವಾಗಿಯೇ ಕೆಮ್ಮು ಬಂತು.

ಗಿರಣಿ ಕೊಟ್ರಬಸಪ್ಪನದು, ಮರುಳಸಿದ್ದಪ್ಪ ಅಲ್ಲಿ ಗುಮಾಸ್ತ. ಸೋಮವಾರ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಬಸವಣ್ಣನ ದಿನ. ಹಾಗಾಗಿ ಕಮಲಾಪುರದ ಕಡೆಯಿಂದ ನೆಲ್ಲಿನ ಬಂಡಿ ಬರುವುದಿಲ್ಲ, ಎಂಜಿನ್ನಿಗೂ ಬಿಡುವು, ಬಂಡಿಯವರಿಗೂ ಬಿಡುವು. ಜೈಲಿನಿಂದ ಬಂದವನು ಒಂದು ಇಂಗ್ಲಿಷ್ ಪುಸ್ತಕ ತಂದಿದ್ದಾನೆ, ಅದರಲ್ಲಿ ನಮ್ಮ ಹಾಗೆಯೇ ಇಂಗ್ಲಿಷರ ಕೈಯಲ್ಲಿ ಸಿಕ್ಕವರ ಕಥೆಯಿದೆ ಎಂದು ತಿಳಿದ ಕೊಟ್ರಬಸಪ್ಪ, "ಸೋಮವಾರ ಸುಮ್ನ ಕುಂತು ಬೀಡಿ ಸೇದೋ ಬದ್ಲಿ ನಾಕು ಮಾತು ಕೇಳ್ಲಿ, ಓದ್ರಿ" ಎಂದಿದ್ದ. ಕಥೆ ಅಂತೇನೂ ಇರಲಿಲ್ಲ. ಬಂಡೆದ್ದು ಸಿಕ್ಕಿಬಿದ್ದು ಭೂಮಿಯ ತಳದ ಯಾವುದೋ ದ್ವೀಪಕ್ಕೆ ಹಡಗಿನಲ್ಲಿ ಸಾಗಿಸಲ್ಪಟ್ಟ ಇಬ್ಬರು ಗೆಳೆಯರು, ಡಾನೆಲಿ ಮತ್ತು ಕೀರ್ನಿ, ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳು. ದ್ವೀಪದಲ್ಲಿ ಇಬ್ಬರನ್ನೂ ದೂರ ದೂರ ಇಟ್ಟಿದ್ದರು. ಕಾಗದಗಳು ಯಾರದೋ ಕುರಿ ಉಣ್ಣೆಯ ಗಾಡಿಯಲ್ಲಿ ಕದ್ದು ಹೋಗುತ್ತಿದ್ದವು. ದೇಶ, ಸ್ವಾತಂತ್ರ್ಯ ಎಂಬ ಮಾತು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಹಲ್ಲುನೋವು, ತೂತು ಬಿದ್ದ ಬೂಟು, ಮಂಜು, ಮನೆಯ ನಾಯಿ, ಅವ್ವ ಸುಡುತ್ತಿದ್ದ ರೊಟ್ಟಿ, ಯಾವತ್ತೋ ಆಡಿದ ಮಾತಿಗೆ ಈಗ ಹುಟ್ಟಿದ ಮುನಿಸು. ಬೇರೆಯವರ ಕಾಗದ ಓದುವುದೇ ತಪ್ಪು, ಅದನ್ನು ನಾಲ್ಕು ಜನರ ಮುಂದೆ ಓದುವುದು ಇನ್ನೂ ತಪ್ಪು ಎಂದು ಮರುಳಸಿದ್ದಪ್ಪನಿಗೆ ಮೊದಲು ಅನ್ನಿಸಿತ್ತು. ಆದರೆ ಮಂದಿಗೆ ಹಿಡಿಸಿದ್ದೇ ಅದು. ಜೈಲಿಗೆ ಹೋದ ದೊಡ್ಡ ಮನುಷ್ಯನಿಗೂ ತಿಗಣೆ ಕಡಿಯುತ್ತದೆ ಎಂಬುದು ಅವರಿಗೆ ಬಹಳ ಸಮಾಧಾನ ಕೊಟ್ಟಿತು.

ಹೆಸರುಗಳದ್ದೇ ತೊಡಕು. "ಆ ಹೆಸರು ನಮ್ಮ ಬಾಯಾಗ ನಿಲ್ಲಂಗಿಲ್ಲ, ನಮ್ಮವ್ನ ಇಟ್ಟುಬಿಡ್ರಿ" ಎಂದಿದ್ದ ಬಂಡಿಯ ಹುಲುಗಪ್ಪ. ಡಾನೆಲಿ ಓದಿಕೊಂಡವನು, ಪದ್ಯ ಕಟ್ಟುವವನು, ಕನ್ನಡಕದವನು, ಯಾವಾಗಲೂ ಕೆಮ್ಮುವವನು. "ಇಂವ ನಮ್ಮ ಸಿದ್ದಪ್ಪರ ಬಿಡ್ರಿ" ಎಂದು ಮಂದಿ ನಕ್ಕರು. ಕೀರ್ನಿ ಗಟ್ಟಿ ಆಳು, ಮರ ಕಡಿಯುವಾಗ ಹಾಡುತ್ತಿದ್ದ. ಅವನು ಪಾಲಯ್ಯನಾದ, ಏಕೆಂದರೆ ಇಲ್ಲಿಯ ಪಾಲಯ್ಯನೂ ಚಳವಳಿಯಲ್ಲಿ ಕಂಪ್ಲಿಯ ಹೊರಗೆ ಸರ್ಕಾರದ ಈಚಲು ಮರಗಳನ್ನು ಹಾಡುತ್ತಲೇ ಕಡಿದಿದ್ದ. ಪಾಲಯ್ಯ ಮತ್ತು ಮರುಳಸಿದ್ದಪ್ಪ ಹೊಸಪೇಟೆಯ ಹೈಸ್ಕೂಲಿನಲ್ಲಿ ಒಂದೇ ಬೆಂಚು, ಈಚಲ ಬನದಲ್ಲಿ ಒಂದೇ ಕೊಡಲಿ, ಜೈಲಿನಲ್ಲಿ ಒಂದೇ ಕೋಣೆ. ಪುಸ್ತಕದಲ್ಲಿ ಪಾಲಯ್ಯ ಇದ್ದಾನೆ ಎಂಬ ಸುದ್ದಿ ಪಾಪಿನಾಯಕನಹಳ್ಳಿಗೆ ಹೋಗಿ, ಮುಂದಿನ ಸೋಮವಾರದಿಂದ ಅವನ ತಾಯಿ ಹಂಪಮ್ಮ ನಡೆದು ಬರತೊಡಗಿದಳು. ಇನ್ನೂ ಜೈಲಿನಲ್ಲೇ ಇದ್ದ ಮಗನಿಂದ ಕಾಗದ ಬರುವುದು ಎಷ್ಟೋ ದಿನಕ್ಕೊಮ್ಮೆ, ಅದೂ ಜೈಲಿನವರ ಮಸಿ ಬಳಿದುಕೊಂಡು. ಇಲ್ಲಿ ವಾರ ವಾರ ಪಾಲಯ್ಯ ಉಣ್ಣುತ್ತಿದ್ದ, ಬೂಟು ಹೊಲಿಸುತ್ತಿದ್ದ, ಅವ್ವನನ್ನು ಕೇಳುತ್ತಿದ್ದ. ಅವಳು ಕಂಬಕ್ಕೆ ಒರಗಿ ಕೂತು, ಬೂಟಿನ ಸುದ್ದಿ ಬಂದಾಗ, "ಈಗ ಬೆಚ್ಚಗ ಇರ್ತಾನ" ಎನ್ನುತ್ತಿದ್ದಳು. ತನ್ನ ಹೆಸರಿನವನು ಪದ್ಯ ಕಟ್ಟಿದ ಎಂದು ಓದುವಾಗ ಮರುಳಸಿದ್ದಪ್ಪನ ಎದೆಯೂ ಉಬ್ಬುತ್ತಿತ್ತು. ಅದನ್ನು ನೆನೆದರೆ ಈಗ ಮೈಯೆಲ್ಲ ಹಿಡಿಯಾಗುತ್ತದೆ. ಎರವಲು ಹೆಸರಿನ ಮರ್ಯಾದೆಗೂ ಅವನು ಬಾಯಿ ಬಿಟ್ಟಿದ್ದ.

ಗಿರಣಿಗೆ ಹೋಗುವ ದಾರಿಯಲ್ಲಿ ಬಿಸಿಲು ಬೆನ್ನಿಗೆ ಹತ್ತಿತ್ತು. ಖಾದಿ ಅಂಗಿ ಮೈಗೆ ಅಂಟಿತು. ಈ ಅಂಗಿಯನ್ನು ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆಂಬ ಭಯಕ್ಕೆ ಅವನು ಅದನ್ನೇ ತೊಡುತ್ತಿದ್ದ. ಎದುರಿಗೆ ಬಂದ ಯಾರೋ ಕೈ ಮುಗಿದರು, ಅವನು ಕೆಮ್ಮಿದ. ಜೈಲಿನಲ್ಲಿ ಯಾರಾದರೂ ಹೊಡೆದಿದ್ದರೆ. ಅವನು ನೂರು ಸಲ ಯೋಚಿಸಿದ್ದು ಇದೇ. ಹೊಡೆದಿದ್ದರೆ, ಉಪವಾಸ ಕೆಡವಿದ್ದರೆ, ಮುರಿದುಬಿದ್ದೆ ಎಂದು ಒಂದು ದಿನ ಯಾರ ಮಡಿಲಲ್ಲಾದರೂ ತಲೆಯಿಟ್ಟು ಹೇಳಬಹುದಿತ್ತು. ಜೈಲಿನ ಸಾಹೇಬ ಅವನಿಗೆ ಕುರ್ಚಿ ಕೊಟ್ಟ. ಅಷ್ಟೇ ಮಾಡಿದ್ದು. ತಿಂಗಳುಗಟ್ಟಲೆ ನೆಲದ ಮೇಲೆ, ಮಡಕೆಯ ನಾತದ ಪಕ್ಕ ಕೂತಿದ್ದವನಿಗೆ ಬೆತ್ತದ ಕುರ್ಚಿ. ಅದಕ್ಕೆ ಕೈಯೂರುವ ಹಿಡಿಗಳಿದ್ದವು. ಕೂತ ಕೂಡಲೇ ಬೆನ್ನು ತಾನಾಗಿ ಹಿಂದಕ್ಕೆ ಒರಗಿತು. ತಾನು ಇಂಗ್ಲಿಷ್ ಬಲ್ಲವನು, ಮರ್ಯಾದಸ್ಥ, ಈ ಕುರ್ಚಿಯಲ್ಲಿ ಕೂರಬೇಕಾದವನು ಎಂಬುದು ಬೆನ್ನಿಗೆ ಮೊದಲು ನೆನಪಾಯಿತು, ಆಮೇಲೆ ತಲೆಗೆ. ಮುಂದಿದ್ದ ಕಾಗದದಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಇನ್ನು ಮುಂದೆ ಸರ್ಕಾರದ ವಿರುದ್ಧ ಯಾವ ಚಳವಳಿಯಲ್ಲೂ ಸೇರುವುದಿಲ್ಲ, ಮಾಡಿದ್ದಕ್ಕೆ ವಿಷಾದಿಸುತ್ತೇನೆ. ಒಂದು ಕಡೆ ವ್ಯಾಕರಣ ತಪ್ಪಿತ್ತು, ಅದನ್ನು ತಿದ್ದಿ ರುಜು ಹಾಕಿದ. ಸಾಹೇಬ ಥ್ಯಾಂಕ್ಸ್ ಎಂದ. ಇದನ್ನು ಯಾರ ಮಡಿಲಲ್ಲಿ ಹೇಳುವುದು?

ಅವತ್ತು ಹಾಸಿಗೆ ಸುತ್ತಿಕೊಳ್ಳಲು ಜೈಲಿನ ಕೋಣೆಗೆ ಹೋದಾಗ ಪಾಲಯ್ಯ ತೆಂಗಿನ ನಾರು ಬಡಿಯುತ್ತ ಕೂತಿದ್ದ. ಎದೆ ಕೆಟ್ಟಿದೆಯಂತೆ, ಬಿಡುತ್ತಾರಂತೆ ಎಂದು ಇವನು ಗೋಡೆಗೆ ಹೇಳಿದ. ಪಾಲಯ್ಯ ಒಂದು ಮಾತೂ ಕೇಳಲಿಲ್ಲ. ಎದ್ದು ತನ್ನ ತಲೆದಿಂಬಿನ ಕೆಳಗಿನ ಪುಸ್ತಕ ತಂದುಕೊಟ್ಟ. ರಟ್ಟೂ ಮೊದಲ ಪುಟಗಳೂ ಹರಿದುಹೋಗಿದ್ದರಿಂದ ಜೈಲರ್ ಅದನ್ನು ಪಾದ್ರಿಗಳ ಕಾಗದಗಳೆಂದು ತಿಳಿದು ಒಳಗೆ ಬಿಟ್ಟಿದ್ದ. "ಹೊರಗ ನಮ್ಮ ಮಂದಿಗೆ ಓದಿ ಹೇಳು. ನಿಧಾನ ಓದು, ಜಲ್ದಿ ಮುಗಿಸಬ್ಯಾಡ" ಎಂದ ಪಾಲಯ್ಯ. ಅವನು ಅದನ್ನು ಕೊನೆಯ ತನಕ ಓದಿದ್ದವನು, ಎರಡೆರಡು ಸಲ. ಡಾನೆಲಿ ಏನು ಮಾಡುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟ. ಯಾಕೆ ಎಂದು ಮರುಳಸಿದ್ದಪ್ಪ ನಿನ್ನೆಯಿಂದ ತನ್ನನ್ನು ಕೇಳಿಕೊಳ್ಳುತ್ತಿದ್ದ. ಕೆನ್ನೆಗೆ ಹೊಡೆಯುವ ಬದಲು ಪುಸ್ತಕ ಕೊಟ್ಟನೆ? ನೀನೊಬ್ಬನೇ ಅಲ್ಲವೋ, ಹಿಂದೆಯೂ ಇಂಥವರಿದ್ದರು ಎಂದು ಬೆನ್ನು ತಟ್ಟಿದನೆ? ಅಥವಾ ಏನೂ ಯೋಚಿಸದೆ, ಹೋಗುವವನ ಕೈಗೆ ಏನಾದರೂ ಕೊಡಬೇಕಲ್ಲ ಎಂದು ಕೊಟ್ಟನೆ? ಪುಸ್ತಕದ ಕೀರ್ನಿಯೂ ಹೀಗೇ. ಡಾನೆಲಿ ಬರೆದಿದ್ದ: ನೀನು ಇದನ್ನು ಓದುವ ಹೊತ್ತಿಗೆ ನಾನು ಹಡಗಿನಲ್ಲಿರುತ್ತೇನೆ, ರುಜು ಹಾಕಿದೆ, ಎದುರು ಬಂದು ಹೇಳುವ ಮುಖವಿಲ್ಲ. ಕೀರ್ನಿಯ ಉತ್ತರದಲ್ಲಿ ರುಜುವಿನ ಮಾತೇ ಇಲ್ಲ. ನೀನು ಬಿಟ್ಟುಹೋದ ಕಂಬಳಿ ನನಗೆ ತಲುಪಿತು, ಚೆನ್ನಾಗಿದೆ. ಊರಿಗೆ ಹೋದಾಗ ಅವ್ವನನ್ನು ಕಂಡು ನಾನು ದಪ್ಪಗಾಗಿದ್ದೇನೆಂದು ಹೇಳು. ಅಷ್ಟೇ. ಅದರ ಮುಂದಿನದು ಬೇರೊಬ್ಬ ಕೈದಿ ಬರೆದದ್ದು, ಎರಡೇ ಸಾಲು: ಕೀರ್ನಿ ಚಳಿಗಾಲದಲ್ಲಿ ತೀರಿಕೊಂಡ, ಅವನ ತಾಯಿಗೆ ಯಾರಾದರೂ ತಿಳಿಸಿರಿ.

ಇದನ್ನು ಹಂಪಮ್ಮನ ಮುಂದೆ ಓದುವುದು ಹೇಗೆ? ಓದಲಾಗದು. ಯಾವ ಮನುಷ್ಯನೂ ಓದಲಾರ. ಹಾಗೆ ಅಂದುಕೊಂಡಾಗ ಅವನಿಗೆ ಎಷ್ಟು ಹಗುರವಾಯಿತೆಂದರೆ, ಗಿರಣಿಯ ಬಾಗಿಲ ಹತ್ತಿರ ನಿಂತುಬಿಟ್ಟ. ತಾಯಿಯ ಸಲುವಾಗಿ ಕೀರ್ನಿಯ ಸಾವನ್ನು ಮುಚ್ಚಬೇಕು, ಅದನ್ನು ಮುಚ್ಚುವಾಗ ಡಾನೆಲಿಯ ರುಜುವೂ ಅದರ ಜೊತೆಯಲ್ಲೇ ಮುಚ್ಚಿಹೋಗುತ್ತದೆ. ಪುಣ್ಯದ ಕೆಲಸ. ತನ್ನ ಕಳ್ಳತನಕ್ಕೆ ಇಷ್ಟು ಒಳ್ಳೆಯ ಹೊದಿಕೆ ಸಿಕ್ಕಿತೆಂದು ಸಂತೋಷಪಡುತ್ತಿರುವ ತನ್ನನ್ನು ತಾನೇ ನೋಡಿ ಅವನು ಮುಖ ತಿರುಗಿಸಿದ.

ಪಡಸಾಲೆಯಲ್ಲಿ ನೆರಳಿತ್ತು, ತೌಡಿನ ವಾಸನೆಯಿತ್ತು. ಕೊಟ್ರಬಸಪ್ಪ ಗಾದಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹುಲುಗಪ್ಪ ಮತ್ತು ಬಂಡಿಯವರು ಮೂಟೆಗಳಿಗೆ ಒರಗಿದ್ದರು. ಹಂಪಮ್ಮ ತನ್ನ ಕಂಬದ ಹತ್ತಿರ. ಇವತ್ತು ಅವಳು ಸೆರಗನ್ನು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದಳು, ದಾರಿಯ ದಣಿವಿರಬೇಕು.

"ಓದ್ರಿ ಗುಮಾಸ್ತರ. ಹೋದ ವಾರ ಪಾಲಯ್ಯಗ ಜ್ವರ ಬಂದಿತ್ತು" ಎಂದ ಹುಲುಗಪ್ಪ.

ಮರುಳಸಿದ್ದಪ್ಪ ಪುಸ್ತಕ ಬಿಚ್ಚಿದ. ಕೆಮ್ಮಿದ. ಜ್ವರ ಇಳಿಯಿತು ಎಂದ. ಆಮೇಲೆ ನಾಲಗೆ ತಾನಾಗಿ ನಡೆಯಿತು. ಹೊಸ ವರ್ಷಕ್ಕೆ ರಾಣಿ ಎಲ್ಲ ಕೈದಿಗಳನ್ನೂ ತಾನಾಗಿಯೇ ಬಿಟ್ಟಳು, ಯಾರೂ ಏನೂ ಬೇಡಲಿಲ್ಲ, ಯಾರೂ ಏನೂ ಬರೆದುಕೊಡಲಿಲ್ಲ. ಈ ಮಾತನ್ನು ಅವನು ಎರಡು ಸಲ ಹೇಳಿದ. ದ್ವೀಪದ ಆ ಕೊನೆಯಿಂದ ಪಾಲಯ್ಯ ಬಂದ, ಈ ಕೊನೆಯಿಂದ ಸಿದ್ದಪ್ಪ ಬಂದ, ಬಂದರಿನಲ್ಲಿ ಇಬ್ಬರೂ ತಬ್ಬಿಕೊಂಡರು, ಒಂದೇ ಹಡಗು ಹತ್ತಿದರು. ಹಡಗಿನ ಹಾಯಿ ಹೇಗಿತ್ತು, ಹಕ್ಕಿಗಳು ಹೇಗೆ ಹಿಂಬಾಲಿಸಿದವು ಎಂಬುದನ್ನೂ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ಅವನ ಕಣ್ಣಲ್ಲಿಯೇ ನೀರು ಬಂತು. ಊರು ಮುಟ್ಟಿದ ಪಾಲಯ್ಯ ಬಾಗಿಲಲ್ಲಿ ನಿಂತು ಅವ್ವಾ ಎಂದ. ಮುಗಿಯಿತು.

ಹುಲುಗಪ್ಪ ಕಿವಿಯ ಹಿಂದಿನ ಬೀಡಿ ತೆಗೆದು, ನೋಡಿ, ಮತ್ತೆ ಅಲ್ಲಿಯೇ ಇಟ್ಟುಕೊಂಡ. ಕೊಟ್ರಬಸಪ್ಪ, "ಚಲೋ ಆತು. ಹಂಗ ಆಗ್ಬೇಕು" ಎಂದು ಗಾದಿಯಿಂದ ಎದ್ದ. ಅವನ ದನಿಯಲ್ಲಿ ಮಕ್ಕಳನ್ನು ಸಮಾಧಾನಪಡಿಸುವಂಥದ್ದೇನೋ ಇತ್ತು. ಬಂಡಿಯವರು ಒಬ್ಬೊಬ್ಬರಾಗಿ ಹೆಗಲ ಮೇಲಿನ ವಲ್ಲಿ ಝಾಡಿಸಿ ಹೊರಟರು. ಹೋಗುವಾಗ ಎಲ್ಲರೂ ಅವನಿಗೆ ಕೈ ಮುಗಿದರು.

ಹಂಪಮ್ಮ ಹೋಗಲಿಲ್ಲ. ಪಡಸಾಲೆ ಖಾಲಿಯಾದ ಮೇಲೆ ಅವಳು ಕುಂಡೆಯ ಮೇಲೆಯೇ ಸರಿದು ಅವನ ಡೆಸ್ಕಿನ ಮುಂದೆ ಬಂದು ಕೂತಳು.

"ನೀ ಹೇಳಿದ್ದು ಅದರಾಗ ಇಲ್ಲ, ಹೌದಿಲ್ಲೋ ಸಿದ್ದಪ್ಪ?"

"ಐತವ್ವಾ."

"ಓದೋ ಮುಂದ ನಿನ್ನ ಕಣ್ಣು ಪುಸ್ತಕದಾಗ ಇದ್ದಿಲ್ಲ. ಇರ್ಲಿ ಬಿಡು. ನನ್ನ ಸಲುವಾಗಿ ಹೇಳಿದಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಶನಿವಾರ ರೈಲಿಗೆ ಹೋಗಿ ಜೈಲಿನಾಗ ಪಾಲಯ್ಯನ್ನ ನೋಡಿಬಂದೆ. ಇಬ್ರು ಹಿಡ್ಕಂಡು ಬಂದ್ರು ಅವನ್ನ. ನಿಲ್ಲಾಕ ಆಗವಲ್ದು. ರಕ್ತಭೇದಿ ಅಂತ. ಕೈ ಇಷ್ಟ ಆಗ್ಯಾವ." ತನ್ನ ಹೆಬ್ಬೆರಳು ತೋರಿಸಿದಳು. "ಚಳಿಗಾಲ ದಾಟಂಗಿಲ್ಲ ಅಂವ."

ಮರುಳಸಿದ್ದಪ್ಪ ಪುಸ್ತಕವನ್ನು ಮುಚ್ಚಿದ. ಅದರೊಳಗಿನ ಎರಡು ಸಾಲು ರಟ್ಟಿಲ್ಲದ ಕಡೆಯಿಂದ ಹೊರಗೆ ಕಾಣುತ್ತದೇನೋ ಎಂಬಂತೆ ಅಂಗೈ ಅಡ್ಡ ಇಟ್ಟ.

"ನೀ ಬರದಂಥದ್ದು ಅಂವನೂ ಬರದುಕೊಟ್ರ ಬಿಡ್ತಾರಂತ" ಎಂದಳು ಹಂಪಮ್ಮ.

ಹೊರಗೆ ಯಾರದೋ ಎತ್ತು ಕೊರಳ ಗಂಟೆ ಅಲ್ಲಾಡಿಸಿತು. ಅವನಿಗೆ ಮೊದಲು ಅವಳ ಮಾತು ತಿಳಿಯಲಿಲ್ಲ. ತಿಳಿದಾಗ ಕಿವಿ ಬಿಸಿಯಾಯಿತು.

"ನಾ ಏನ್ ಬರದೆ?"

"ತಪ್ಪಾತು ಅಂತ ರುಜು ಹಾಕಿ ಬಂದ್ಯಲ್ಲಪ್ಪಾ." ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ನಿನಗೆ ಲಗ್ನವಾಗಿದೆಯಲ್ಲ ಎಂದ ಹಾಗೆ ಹೇಳಿದಳು. "ನೀ ಬಂದ ವಾರದಾಗ ಪೊಲೀಸ್ನೋರು ಹೇಳಿದ್ರು, ಎಲ್ಲರಿಗೂ ಗೊತ್ತೈತಿ. ಹುಲುಗಪ್ಪಗ, ಕೊಟ್ರಬಸಪ್ಪಗ, ನಿನ್ನ ಹೇಣ್ತಿಗೆ. ಯಾರು ಅಂತಾರ ಬಿಡು. ಹುಡುಗ ನಾಚಿಕೊಂಡಾನು ಅಂತ ಸುಮ್ನದಾರ."

ಅವನಿಗೆ ಒಮ್ಮೆಲೇ ಎಲ್ಲ ಸೋಮವಾರಗಳೂ ಕಣ್ಣಿಗೆ ಬಂದವು. ಮೂಟೆಗಳಿಗೆ ಒರಗಿ ಕೂತು, ಅವನು ಕೆಮ್ಮಿದಾಗ ನೀರು ತಂದುಕೊಡುತ್ತಿದ್ದ ಹುಲುಗಪ್ಪ. ಜೈಲಿನಿಂದ ಬಂದಿಳಿದ ದಿನ ಸ್ಟೇಷನ್ನಿನಲ್ಲಿ ಹಾರ ಹಾಕಿದ್ದ ಕೊಟ್ರಬಸಪ್ಪ, ವಾರದ ನಂತರ ಅದೇ ಬಾಯಲ್ಲಿ ನನ್ನ ಗಿರಣಿಗೆ ಬಂದು ಕೂಡ್ರಿ, ಲೆಕ್ಕ ಬರೀರಿ ಎಂದದ್ದು. ತಾನು ಅವರಿಂದ ಮುಚ್ಚಿಡುತ್ತಿದ್ದೇನೆಂದು ತಿಳಿದ ಇಷ್ಟು ಕಾಲ ಅವರೇ ತನ್ನಿಂದ ಮುಚ್ಚಿಡುತ್ತಿದ್ದರು. ಅವನು ಹೇಸಿಗೆ ಮಾಡಿಕೊಂಡ ಮಗುವಿನಂತೆ ಅವರ ನಡುವೆ ಓಡಾಡಿದ್ದ, ಅವರು ಮೂಗು ಮುಚ್ಚದೆ ಎತ್ತಿಕೊಂಡಿದ್ದರು. ನೆಲ ಬಾಯಿ ಬಿಟ್ಟರೆ ಸಾಕು ಎನ್ನುತ್ತಾರಲ್ಲ, ಅವನಿಗೆ ಅದೂ ಬೇಡವೆನಿಸಿತು. ನೆಲವೂ ಪಾಪ ಎಂದು ಕನಿಕರಪಟ್ಟೀತು.

"ನಾ ಹೇಳಿದೆ, ಕೇಳವಲ್ಲ. ನೀ ಬರದ್ರ ಕೇಳ್ತಾನ" ಎನ್ನುತ್ತಿದ್ದಳು ಹಂಪಮ್ಮ. "ನಿನ್ನ ಕಾಗದಕ್ಕ ಸಾಹೇಬ ಕತ್ತರಿ ಹಾಕಂಗಿಲ್ಲ, ತಾನ ಓಡಿಹೋಗಿ ಕೊಡ್ತಾನ. ಬರಿ ಅವಂಗ. ರುಜು ಹಾಕಿ ಬಾ ಅಂತ ಬರಿ. ಅದರಿಂದ ಏನೂ ಆಗಂಗಿಲ್ಲ ಅಂತ ಬರಿ."

"ಅವ್ವಾ, ಅದು ಹಂಗಲ್ಲ…"

"ಹೆಂಗಲ್ಲ? ನಿನಗೇನಾತು ಹೇಳು ನೋಡಾಮು. ಯಾರಾರ ನಿನ್ನ ಮನಿ ನೀರು ಬ್ಯಾಡ ಅಂದ್ರಾ? ಗಿರಣ್ಯಾಗ ಕೆಲಸ ಐತಿ. ಹೇಣ್ತಿ ಅದಾಳ. ಸೋಮವಾರಕ್ಕೊಮ್ಮೆ ಮಂದಿ ನಿನ್ನ ಮುಂದ ಕುಂತು ಕೇಳ್ತಾರ, ಕೈ ಮುಗೀತಾರ. ನಿನ್ನ ಈಗ ನೋಡಿದ್ರ ಯಾರಾರ ಏನಾರ ಆಗೇತಿ ಅಂತಾರಾ? ಅದನ್ನ ಬರಿಯಪ್ಪಾ. ಇದ್ದದ್ದು ಇದ್ದಂಗ ಬರಿ."

ಏನಾಗಿದೆ ಎಂದು ಹೇಳಲು ಅವನು ಬಾಯಿ ತೆರೆದ. ಬೆಳಿಗ್ಗೆ ಬೇವಿನ ಕಡ್ಡಿಯಿಂದ ಹಿಡಿದು ದಿಂಬಿಗೆ ತಲೆಯಿಡುವ ತನಕ ಆಗುವುದೆಲ್ಲ ಗಂಟಲಿಗೆ ಬಂತು. ಆದರೆ ರಕ್ತ ಹೋಗುತ್ತಿರುವ ಮಗನ ತಾಯಿಯ ಮುಂದೆ ಅದಕ್ಕೆ ಏನು ಬೆಲೆ? ನಾಚಿಕೆಯಾಗುತ್ತದೆ ಅವ್ವಾ ಎಂದರೆ ಅವಳು ನಗಲಿಕ್ಕಿಲ್ಲ, ಸಿಟ್ಟಾಗಲಿಕ್ಕಿಲ್ಲ. ಅಷ್ಟೇನಾ, ಎಂದಾಳು. ಜೀವ ಇದ್ದರೆ ನಾಚಿಕೊಂಡು ಇರಲಿ ಎಂದಾಳು. ಅವಳು ಹೇಳುವುದೇ ಸರಿ ಎಂದೂ ಅನ್ನಿಸಿತು. ಡಾನೆಲಿ ಊರು ಮುಟ್ಟಿ ಮುದುಕನಾಗಿ ಸತ್ತಿರಬೇಕು, ಮೊಮ್ಮಕ್ಕಳು ಸುತ್ತ ಇರಬೇಕು. ಕೀರ್ನಿಯ ತಾಯಿಗೆ ಬಂದದ್ದು ಎರಡು ಸಾಲು.

ಮಸಿಯ ದೌತಿ ಹತ್ತಿರ ಎಳೆದುಕೊಂಡ. ಪ್ರಿಯ ಪಾಲಯ್ಯನಿಗೆ ಎಂದು ಬರೆದ. ನಿನ್ನ ತಾಯಿ ನನ್ನ ಮುಂದೆ ಕೂತಿದ್ದಾಳೆ. ನಾನು ಬರೆದುಕೊಟ್ಟು ಬಂದದ್ದು ನಿನಗೆ ಆಗಲೇ ಗೊತ್ತಿತ್ತು, ಇಲ್ಲಿಯೂ ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ನನ್ನನ್ನು ಮೊದಲಿನಂತೆಯೇ ಕಾಣುತ್ತಾರೆ. ಅದೊಂದು ಕಾಗದ, ಪಾಲಯ್ಯ. ಮಸಿ ಒಣಗುವ ಹೊತ್ತಿಗೆ ಮುಗಿದುಹೋಗುತ್ತದೆ. ಲೇಖನಿಯ ಟಾಕು ಓಡತೊಡಗಿತು. ಇಷ್ಟು ದಿನ ಇಂಗ್ಲಿಷಿನಿಂದ ತಡವರಿಸಿ ಕನ್ನಡಕ್ಕೆ ತರುತ್ತಿದ್ದವನಿಗೆ ಈಗ ಮಾತು ಕಾಲುವೆಯ ನೀರು ಬಿಟ್ಟ ಹಾಗೆ ಬರುತ್ತಿತ್ತು. ಸಾಹೇಬ ಒಳ್ಳೆಯವನು, ಕುರ್ಚಿ ಕೊಡುತ್ತಾನೆ, ಕೂತುಕೋ ಎಂದು ಬರೆದ. ಬರೆದ ಮೇಲೆ ಅದನ್ನು ಹೊಡೆದು ಹಾಕಲಿಲ್ಲ.

ಅವನಿಗೆ ಸಂತೋಷವಾಗುತ್ತಿತ್ತು. ಈ ತಾಯಿಯ ಮಗ ಬದುಕಿಕೊಳ್ಳುತ್ತಾನೆಂಬ ಸಂತೋಷ ಇದಾಗಿರಲಿ ಎಂದು ಒಂದು ಗಳಿಗೆ ಕೈ ತಡೆದು ತನ್ನನ್ನು ಕೇಳಿಕೊಂಡ. ಆಗಿರಲಿಲ್ಲ. ಆ ಬೆತ್ತದ ಕುರ್ಚಿಯಲ್ಲಿ ಪಾಲಯ್ಯ ಕೂತಿರುವುದು, ಬಗ್ಗಿ ತನ್ನ ಹೆಸರು ಬರೆಯುತ್ತಿರುವುದು, ಅವನ ಕಣ್ಣಿಗೆ ಕಟ್ಟಿತ್ತು. ಬರಲಿ. ಬಂದು ಈ ಪಡಸಾಲೆಯಲ್ಲಿ ತನ್ನ ಪಕ್ಕದಲ್ಲಿ ಕೂರಲಿ. ಆಮೇಲೆ ಇಬ್ಬರೂ ಒಂದೇ.

"ಯಾಕ ನಿಂತಿ?" ಎಂದಳು ಹಂಪಮ್ಮ. "ಬರಿಯಪ್ಪಾ. ಚಲೋ ಬರೀತಿ ನೀನು."

ಅವನು ಬರೆದ.